ಕುಕ್ಕರ್ ಕೂಗಿದ ಮಧ್ಯಾಹ್ನ

ಮೆಡಿಟರೇನಿಯನ್ ಕರಾವಳಿಯುದ್ದಕ್ಕೂ ಕಾರಿನಲ್ಲಿ ಸುತ್ತಿ, ಸಿಕ್ಕಲ್ಲಿ ಗುಡಾರ ಹಾಕಿಕೊಂಡು ಇದ್ದು ಬರೋಣ ಎಂದು ನಮ್ಮವರು ಹೇಳಿದಾಗ ನನಗೆ ನಗು ಬಂದಿತ್ತು. ಅಮೆರಿಕದ ಫೋರ್ಟ್ ಲೀಯಲ್ಲಿ ಲಿಫ್ಟು, ಹೀಟರು, ಮೆತ್ತನೆ ಹಾಸಿಗೆ ಎಲ್ಲ ಇರುವ ಮನೆ ಬಿಟ್ಟು ನೆಲದ ಮೇಲೆ ಮಲಗಲು ವಿಮಾನ ಹತ್ತಬೇಕೆ? ಎಂಬತ್ತರ ದಶಕದ ಕೊನೆಯ ಮಾತು. ಅವರ ಆಫೀಸಿನ ಅಮೆರಿಕನ್ನರೆಲ್ಲ ಹೋಗಿ ಬಂದಿದ್ದರು, ಇವರಿಗೂ ಹುಚ್ಚು ಹತ್ತಿತ್ತು. ಟಿಕೆಟ್ ತೆಗೆದಾಯಿತು, ವೀಸಾಗಳು ಬಂದವು. ಆಮೇಲೆ ಒಂದು ದಿನ ಸ್ನಾನ ಮಾಡುವಾಗ ನನ್ನ ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು.

ಬಯಾಪ್ಸಿ ಮಾಡಿದ ಸರ್ಜನ್ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಎಡ ಸ್ತನವನ್ನು ಪೂರ್ತಿ ತೆಗೆಯಬೇಕು ಎಂದು ಹವಾಮಾನ ವರದಿ ಓದಿದ ಹಾಗೆ ಹೇಳಿಬಿಟ್ಟರು. ನಾನು ತಕ್ಷಣ ಬೇಡ ಎಂದೆ. ಇನ್ನೂ ನಲವತ್ತು ತುಂಬಿರಲಿಲ್ಲ ನನಗೆ. ಹಾಗೆ ಕತ್ತರಿಸಿಕೊಂಡು ಬದುಕುವುದಕ್ಕಿಂತ ಆದದ್ದಾಗಲಿ ಎಂದೆ. ಕ್ಯಾನ್ಸರ್ ಎಂಬ ಮಾತನ್ನು ಆಗ ನಮ್ಮ ಜನರಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಮೈಸೂರಿನ ಮನೆಯವರಿಗೂ ತಿಳಿಸಲಿಲ್ಲ, ಇಲ್ಲಿನ ಕನ್ನಡದವರ ಮನೆಗಳಲ್ಲೂ ಉಸಿರೆತ್ತಲಿಲ್ಲ. ಎಲ್ಲರೂ ಒಂದೊಂದು ಅಡುಗೆ ತರುವ ಮುಂದಿನ ಪಾಟ್‌ಲಕ್‌ನಲ್ಲಿ ಆಂಟಿಯರ ಕಣ್ಣುಗಳು ನೆಟ್ಟಗೆ ನನ್ನ ರವಿಕೆಯ ಮೇಲೆ ಬೀಳುವುದು ಆಗಲೇ ಕಾಣುತ್ತಿತ್ತು. ಎರಡು ವಾರದಲ್ಲಿ ಏನೂ ಆಗುವುದಿಲ್ಲ, ಪ್ರವಾಸ ಮುಗಿಸಿ ಬನ್ನಿ, ಬಂದ ತಕ್ಷಣ ಉತ್ತರ ಹೇಳಿ, ಅದಕ್ಕಿಂತ ತಡವಾದರೆ ಕಷ್ಟ ಎಂದು ಸರ್ಜನ್ ಕಳಿಸಿಕೊಟ್ಟರು.

ಕಾರಿನಲ್ಲಿ ನಮ್ಮವರು ಹೇಳಿದ್ದು ಇಷ್ಟೇ: "ನಿನ್ನ ಬಾಡಿ, ನಿನ್ನ ಡಿಸಿಷನ್. ನಾನು ಫೋರ್ಸ್ ಮಾಡಲ್ಲ."

ನನ್ನ ಮೈ ಉರಿದುಹೋಯಿತು. ಸೋಫಾದ ಬಣ್ಣ ಆರಿಸುವಾಗಲೂ ಅವರು ಹೀಗೇ ಹೇಳಿದ್ದರು. ಬದುಕಿಕೋ ಎಂದು ಒಂದು ಸಲ ಕೇಳಿಕೊಳ್ಳುವಷ್ಟೂ ನಾನು ಬೇಡವಾದೆನೇ ಎಂದು ಮನಸ್ಸು ಕಲ್ಲಾಯಿತು. ಅದೇ ಕಲ್ಲನ್ನು ಹೊತ್ತುಕೊಂಡು ಸ್ಪೇನಿನಲ್ಲಿ ಇಳಿದೆ.

ಬಾಡಿಗೆ ಕಾರು, ಪುಟ್ಟ ಗುಡಾರ, ಗ್ಯಾಸ್ ಒಲೆ, ಮನೆಯಿಂದ ಹೊತ್ತ ಪ್ರೆಷರ್ ಕುಕ್ಕರ್, ಹುಳಿಪುಡಿ, ಚಟ್ನಿಪುಡಿ. ಸಮುದ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಪ್ರತಿ ಕ್ಯಾಂಪಿನಲ್ಲೂ ಅಕ್ಕಪಕ್ಕದವರು ಮೀನು ಸುಡುತ್ತಿದ್ದರು. ಆ ವಾಸನೆಗೆ ನಮ್ಮವರ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಗಡಿ ದಾಟಿ ಫ್ರಾನ್ಸಿಗೆ ಬಂದ ಮೇಲೆ, ಮಾಂಸ ಮೀನು ಬೇಯಿಸದ ಕ್ಯಾಂಪು ಎಲ್ಲಾದರೂ ಇದೆಯೇ ಎಂದು ಒಂದು ಪೆಟ್ರೋಲ್ ಬಂಕಿನಲ್ಲಿ ವಿಚಾರಿಸಿದರು. ಇದೆಯಂತೆ, ಹತ್ತಿರದಲ್ಲೇ, ಬಹಳ ಶಾಂತವಾದ ಜಾಗವಂತೆ. ಮೊಟ್ಟೆಯನ್ನೂ ಮುಟ್ಟುವುದಿಲ್ಲವೇ ಎಂದು ಇವರು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಬೇರೆ ಏನನ್ನಾದರೂ ಕೇಳಬೇಕು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಗೇಟಿನ ಕಟ್ಟೆಯ ಹಿಂದೆ ಕುಳಿತಿದ್ದವನ ಮೇಲೆ ಅಂಗಿ ಇರಲಿಲ್ಲ. ನಮಗೆ ಅದೇನು ಹೊಸದೇ? ಮದುವೆಮನೆಯ ಅಡುಗೆಯವರನ್ನು, ಪುರೋಹಿತರನ್ನು ನೋಡಿ ಬೆಳೆದವರು ನಾವು. ಬರಿಮೈ ಕಂಡು ನನಗೆ ಇನ್ನಷ್ಟು ನಂಬಿಕೆಯೇ ಬಂತು. ಊಟವಾಗಿ ಎಲ್ಲರೂ ಮಲಗುವ ಹೊತ್ತು, ಹೊರಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಪೈನ್ ಮರದ ಕೆಳಗೆ ಗುಡಾರ ಹಾಕಿ, ಅಕ್ಕಿ ಬೇಳೆ ಟೊಮೆಟೊ ಹುಳಿಪುಡಿ ಒಟ್ಟಿಗೇ ಕುಕ್ಕರಿಗೆ ಹಾಕಿ ಒಲೆ ಹಚ್ಚಿದೆ.

ಕುಕ್ಕರ್ ಮೊದಲ ಸಲ ಕೂಗಿತು. ಆ ನಿಶ್ಶಬ್ದದಲ್ಲಿ ಅದು ರೈಲಿನ ಹಾಗೆ ಕೇಳಿಸಿತು. ಸುತ್ತಲಿನ ಗುಡಾರಗಳ ಜಿಪ್ಪುಗಳು ಸರಸರ ತೆರೆದುಕೊಂಡವು. ಏನು ಅನಾಹುತವಾಯಿತೋ ಎಂದು ಜನ ಹೊರಗೆ ಓಡಿಬಂದರು. ಗಂಡಸರು, ಹೆಂಗಸರು, ನೆರೆತ ತಲೆಯವರು. ಒಬ್ಬರ ಮೈಮೇಲೂ ಒಂದು ಎಳೆ ಬಟ್ಟೆ ಇರಲಿಲ್ಲ.

ನನ್ನ ಕೈಯಲ್ಲಿದ್ದ ಸೌಟು ಬಿದ್ದುಹೋಯಿತು. ಬಟ್ಟೆ ಬಿಚ್ಚಿಟ್ಟು ಇರಲೆಂದೇ ಬರುವವರ ಕ್ಯಾಂಪು ಅದು. ನಮ್ಮವರು ಕುಕ್ಕರಿನ ವೆಯ್ಟಿಗೆ ದೃಷ್ಟಿ ನೆಟ್ಟು ಕುಳಿತವರು ಕತ್ತು ಎತ್ತಲಿಲ್ಲ. ಬಂದವರು ಬಹಳ ಮರ್ಯಾದಸ್ಥರು. ಬಾಂಬಲ್ಲ, ಪಾತ್ರೆ ಎಂದು ಗೊತ್ತಾದ ಮೇಲೆ ನಕ್ಕು, ಕೈ ಬೀಸಿ ಹೋದರು. ಈಗಲೇ ಹೊರಡೋಣ ಎಂದೆ. ಹೊರಡುವುದು ಹೇಗೆ? ಬಾಡಿಗೆ ಕಾರಿನಲ್ಲಿ ಬುಸುಗುಡುವ ಕುಕ್ಕರ್ ಇಡುವಂತಿಲ್ಲ, ಪ್ರೆಷರ್ ಇಳಿಯದೆ ಮುಚ್ಚಳ ತೆಗೆಯುವಂತಿಲ್ಲ. ಒಲೆ ಆರಿಸಿ, ತಲೆ ಬಗ್ಗಿಸಿಕೊಂಡು ಇಬ್ಬರೂ ಕಾದೆವು.

ಆಗ ಒಬ್ಬ ವಯಸ್ಸಾದ ಹೆಂಗಸು ನಿಂಬೆಹಣ್ಣು ಹಿಡಿದುಕೊಂಡು ಬಂದು ನನ್ನೆದುರು ಕುಕ್ಕರಗಾಲಲ್ಲಿ ಕುಳಿತಳು. ಥ್ಯಾಂಕ್ಸ್ ಹೇಳಲು ಕತ್ತೆತ್ತಿದೆ. ಅವಳ ಎದೆಯ ಎಡಗಡೆ ಏನೂ ಇರಲಿಲ್ಲ. ಚಪ್ಪಟೆ, ಅಡ್ಡಕ್ಕೆ ಒಂದು ಬಿಳಿಯ ಗೆರೆ. ಕಣ್ಣು ಕೀಳಲು ನೋಡಿದೆ, ಆಗಲಿಲ್ಲ. ಅವಳು ಪಾತ್ರೆ ತೋರಿಸಿ, ರುಚಿ ಕೊಡು ಎಂದು ಸನ್ನೆ ಮಾಡಿದಳು. ಮುಚ್ಚಳ ತೆಗೆದು ಒಂದು ಚಮಚ ಹುಳಿಯನ್ನ ಕೊಟ್ಟೆ. ಖಾರಕ್ಕೆ ಕೆಮ್ಮಿದಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು, ಮತ್ತೆ ಕೇಳಿದಳು. ತಿನ್ನುತ್ತಾ ಆ ಗೆರೆಯನ್ನು, ಸೊಳ್ಳೆ ಕಚ್ಚಿದ ಜಾಗವನ್ನು ಕೆರೆದುಕೊಂಡ ಹಾಗೆ, ಸುಮ್ಮನೆ ಕೆರೆದುಕೊಂಡಳು. ಅಷ್ಟರಲ್ಲಿ ಆಚೆ ಗುಡಾರದಿಂದ ಗಂಡ ಕೂಗಿದ. ಕೂತಲ್ಲಿಂದಲೇ ಅವನಿಗೆ ಏನೋ ಜೋರಾಗಿ ಬೈದು, ನಿಧಾನವಾಗಿ ಎದ್ದು ಹೋದಳು.

ಬೆತ್ತಲೆ ಜನ ಕೊಟ್ಟ ಗಾಬರಿ ಅರ್ಧ ಗಂಟೆಯಲ್ಲಿ ಇಳಿಯಿತು. ಆ ಕೆರೆತ ಕೊಟ್ಟದ್ದು ಇಳಿಯಲೇ ಇಲ್ಲ. ಮೊದಲು ನನಗೆ ಬಂದದ್ದು ಸಿಟ್ಟು. ನಾನು ಸತ್ತರೂ ಬೇಡ ಎಂದು ಕುಳಿತದ್ದನ್ನು ಇವಳು ಎಂದೋ ಮರೆತು, ತಿನ್ನುತ್ತಾಳೆ, ನಗುತ್ತಾಳೆ, ಗಂಡನನ್ನು ಬೈಯುತ್ತಾಳೆ. ಗುಡಾರ ಕಿತ್ತು ಹೊರಟ ಮೇಲೆ, ಅನ್ನ ಕೇಳಿದ ಆಯಮ್ಮ ಯಾರು ಎಂದು ನಮ್ಮವರು ಕೇಳಿದರು. ಅವರು ಕಂಡಿದ್ದು ಅವಳ ಕಾಲ್ಬೆರಳುಗಳನ್ನು ಮಾತ್ರ. ನಾನು ಹೇಳಲಿಲ್ಲ.

ಉಳಿದ ದಿನಗಳೆಲ್ಲ ಹೇಳಲಿಲ್ಲ. ಆ ಸಿಟ್ಟು ಮಾತ್ರ ದಿನದಿಂದ ದಿನಕ್ಕೆ ಹೊಟ್ಟೆಕಿಚ್ಚಾಗುತ್ತಾ ಬಂತು. ವಾಪಸು ಬಂದು, ಏರ್‌ಪೋರ್ಟಿನಲ್ಲಿ ಬಿಟ್ಟಿದ್ದ ಕಾರು ತೆಗೆದುಕೊಂಡು ಮನೆಗೆ ಹೊರಟಾಗ ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲೆ ಸಂಜೆಯ ಟ್ರಾಫಿಕ್ ನಿಂತು ನಿಂತು ಇರುವೆಯ ಹಾಗೆ ಹರಿಯುತ್ತಿತ್ತು. ಎದುರು ದಡದಲ್ಲಿ ನಮ್ಮ ಕಟ್ಟಡ ಕಾಣುತ್ತಿತ್ತು.

"ಬೆಳಿಗ್ಗೆ ಡಾಕ್ಟರ್‌ಗೆ ಫೋನ್ ಮಾಡಿ," ಎಂದೆ. "ಆಪರೇಷನ್ ಮಾಡಿಸ್ಕೋತೀನಿ."

ತಿರುಗಿ ನೋಡಿದರೆ ಅವರು ನಿಂತ ಕಾರಿನ ಸ್ಟೀರಿಂಗ್ ಮೇಲೆ ಹಣೆಯಿಟ್ಟು, ಭುಜ ಅಲುಗುವಂತೆ ಅಳುತ್ತಿದ್ದರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ.

"ನಾನು ಮಾಡಿಸ್ಕೋ ಅಂದ್ರೆ ನೀನು ಹಟಕ್ಕೆ ಬಿದ್ದು ಬೇಡ ಅಂತಿದ್ದೆ ಕಣೇ," ಎಂದರು. "ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

ಅದು ನಿಜ. ಖಂಡಿತ ಹಾಗೇ ಮಾಡುತ್ತಿದ್ದೆ. ಮುಂದಿನ ಕಾರುಗಳು ಸರಿದು ಹಾದಿ ಖಾಲಿಯಾಗಿತ್ತು, ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. ಹೊಡೆಯಲಿ ಬಿಡಿ ಎಂದೆ.