ಕರಿ ಪೆನ್ನಿನೊಳಗಿನ ಕೆಂಪು

ಮೊನ್ನೆ ಹೈದರಾಬಾದಿನ ಮಣಿಕೊಂಡದ ನಮ್ಮ ಫ್ಲ್ಯಾಟಿನಲ್ಲಿ ಯಾವುದೋ ರಸೀದಿ ಹುಡುಕಲು ಬೀರು ತೆಗೆದರೆ ಸಿಕ್ಕಿದ್ದು ಒಂದು ಪುಟ್ಟ ಮರದ ಪೆಟ್ಟಿಗೆ. ಮುಚ್ಚಳ ತೆಗೆದೊಡನೆ ಅದೇ ವಾಸನೆ... ಮರದ ಅಂಟು, ಹಳೆಯ ಶಾಯಿ, ಜೊತೆಗೊಂದಿಷ್ಟು ಹುಳಿ. ಒಳಗೆ ಕರಿ ಪೆನ್ನು, ಅದರಡಿ ಒಂದು ಕಾರ್ಡು. ಕಾರ್ಡಿಗೆ ಅಂಟಿಸಿದ್ದ ಕಾಗದದ ಪಟ್ಟಿ ಗೋಂದು ಒಣಗಿ ತಾನೇ ಕಳಚಿ ಬಿದ್ದಿತ್ತು. ಅದು ಬೀಳದೆ ಇದ್ದಿದ್ದರೆ ನಾನು ಕಾರ್ಖಾನೆಯ ಸಮರ್ಥ ಇನ್‌ಸ್ಪೆಕ್ಟರ್ ಆಗಿದ್ದೆನೆಂಬ ನಂಬಿಕೆಯಲ್ಲೇ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿದ್ದೆ.

ಪೆನ್ನು ಕುಷಾಯಿಗೂಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರದು. ವಿಜಾಪುರದ ಕಡೆಯವರು. ಹೈದರಾಬಾದು ಇಡೀ ಆಂಧ್ರಪ್ರದೇಶಕ್ಕೆ ರಾಜಧಾನಿಯಾಗಿದ್ದ ಆ ಕಾಲದಲ್ಲಿ ಇಬ್ಬರೂ ಒಂದೇ ಸರ್ಕಾರಿ ಕಾರ್ಖಾನೆಯಲ್ಲಿದ್ದೆವು. ಅವರು ನಕ್ಷೆ ಬರೆಯುತ್ತಿದ್ದರು. ನಾನು ತಯಾರಾದ ಮಾಲನ್ನು ತಪಾಸಣೆ ಮಾಡಿ ಸಹಿ ಹಾಕುತ್ತಿದ್ದೆ. ತರಬೇತಿಗೆಂದು ಜಪಾನಿಗೆ ಹೋದವರು ಟೇಪ್‌ರೆಕಾರ್ಡರ್ ಹೊತ್ತು ಬರಬೇಕೆಂಬುದು ನಮ್ಮ ಕಾಲೊನಿಯ ಅಲಿಖಿತ ಸಂವಿಧಾನ. ಇವರು ಅದನ್ನು ಉಲ್ಲಂಘಿಸಿ ಒಂದು ಪೆನ್ನು ತಂದರು.

“ಓಣಿ ಮಂದಿಯೆಲ್ಲಾ ಹಾಡು ಕೇಳಾಕ ಬಂದು ಕುಂತಾರ, ಇವರು ನೋಡಿದ್ರ ಪೆನ್ನು ತೋರಸಾಕತ್ತಾರ!” ಎಂದು ಅವರ ಹೆಂಡತಿ, ನನ್ನ ಪಾಲಿಗೆ ವೈನಿ, ಎಂದರೆ ಅತ್ತಿಗೆ, ಚಹಾ ಕೊಡುತ್ತಲೇ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಪೆನ್ನಿಗೆ ಬಳಿದದ್ದು ಬರೀ ಬಣ್ಣವಲ್ಲ, ಅರಗಿನಂತೆ ಗಟ್ಟಿಯಾಗುವ, ಮರ ಸುರಿಸಿದ ಹಾಲು ಎಂದು ಅವರು ವಿವರಿಸಿದರು. ಮೊದಲು ಕೆಂಪು, ಅದರ ಮೇಲೆ ಗಾಢ ಕಂದು, ಪದರದ ಮೇಲೆ ಪದರ. ಒಂದೊಂದು ಪದರವೂ ಬಿಸಿಲಿನಲ್ಲಲ್ಲ, ತೇವದ ಪೆಟ್ಟಿಗೆಯಲ್ಲಿ ಆರಬೇಕು. ಮಾಡಿದ ಮುದುಕ ತಿಂಗಳುಗಟ್ಟಲೆ ಅದನ್ನೇ ಉಜ್ಜುತ್ತ ಕೂತಿದ್ದನಂತೆ. ಹೊಸದರಲ್ಲಿ ನೋಡಿದರೆ ಪೂರಾ ಕಪ್ಪು. ವರ್ಷಗಳು ಕಳೆದಂತೆ ಮೇಲಿನ ಪದರ ತಿಳಿಯಾಗುತ್ತ, ಟೊಪ್ಪಿಗೆಯ ಅಂಚಿನಲ್ಲಿ ಮೊದಲು ಒಳಗಿನ ಕೆಂಪು ಕಾಣುತ್ತದಂತೆ. ಇಂಥ ಪೆನ್ನುಗಳನ್ನು ಗಾಜಿನ ಕಪಾಟಿನಲ್ಲಿ ಸಾಲಾಗಿ ಜೋಡಿಸುವ ಸಂಗ್ರಾಹಕರನ್ನು ನಾನು ಆಮೇಲೆ ಕಂಡಿದ್ದೇನೆ. ನಮ್ಮವರದು ಒಂದೇ ಪೆನ್ನಿನ ಸಂಗ್ರಹ. ಅವರಿಗೆ ಬೇಕಿದ್ದುದು ಎರಡನೆಯ ಪೆನ್ನಲ್ಲ, ಆ ಕೆಂಪು. ಅದನ್ನು ಕಣ್ಣಾರೆ ನೋಡಬೇಕು ಅಷ್ಟೆ.

ಹೀಗೆ ಶುರುವಾಯಿತು ನಮ್ಮ ವಾರ್ಷಿಕ ತಪಾಸಣೆ. ಆಯುಧಪೂಜೆಯ ಬೆಳಿಗ್ಗೆ ಅವರು ಪೂರ್ವದ ಕಿಟಕಿಯ ಬಳಿ ಕೂತು, ಪೆನ್ನಿನ ಅಂಚಿನ ಬಣ್ಣವನ್ನು ಕಾರ್ಡಿನ ಒಂದು ಪುಟ್ಟ ಚೌಕದಲ್ಲಿ ಕುಂಚದಿಂದ ಹಾಗೆಯೇ ಇಳಿಸುತ್ತಿದ್ದರು. ಹೋಲಿಸಿ, ಚೌಕದ ಕೆಳಗೆ ಷರಾ ಬರೆದು ಸಹಿ ಮಾಡುವುದು ನನ್ನ ಜವಾಬ್ದಾರಿ. ನಿಯಮವೂ ನನ್ನದೇ. ಹೋದ ವರ್ಷದ ಚೌಕವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಾಗದದಿಂದ ಮುಚ್ಚಬೇಕು, ಇಲ್ಲದಿದ್ದರೆ ಕಣ್ಣು ಆಸೆಗೆ ಬಿದ್ದು ಇಲ್ಲದ ಕೆಂಪನ್ನೂ ಕಾಣುತ್ತದೆ ಎಂದು ಫರ್ಮಾನು ಹೊರಡಿಸಿದ್ದೆ. ಅವರು ಒಮ್ಮೆಯೂ ಪಟ್ಟಿ ಎತ್ತಿ ನೋಡಲಿಲ್ಲ.

“ಇನ್‌ಸ್ಪೆಕ್ಟರ್ ಸಾಹೇಬ್ರ, ಕೆಂಪು ಬಂತೇನ್ರಿ?”

“ಬದಲಾವಣೆ ಇಲ್ರಿ.”

“ಒಂದ್ ಬೊಟ್ಟು ಕುಂಕುಮ ಹಚ್ಚಿದ್ರ ಇವತ್ತ ಕೆಂಪ ಆಗತೈತಿ, ಇಷ್ಟ ವರ್ಷ ಯಾಕ ಕಾಯ್ತೀರಿ?” ಎಂದು ವೈನಿ ಪೂಜೆಯ ತಟ್ಟೆ ಹಿಡಿದು ಬಂದರೆ, ಅವರು ಪೆನ್ನನ್ನು ಎದೆಗವಚಿಕೊಂಡು ಹಿಂದೆ ಸರಿಯುತ್ತಿದ್ದರು.

ಹನ್ನೊಂದನೆಯ ವರ್ಷ ಅವರು ಹಾಸಿಗೆ ಹಿಡಿದಿದ್ದರು. ದಿಂಬಿಗೆ ಒರಗಿಸಿ ಕೂರಿಸಿದೆವು. ಬಣ್ಣ ಚೌಕದ ಗೆರೆ ದಾಟಿತು. ಜೀವನವಿಡೀ ಗೆರೆ ಎಳೆದ ಕೈ... ಅದೇ ಪ್ರಶ್ನೆ ಕೇಳಿದರು. ಅವರ ಬೆನ್ನ ಹಿಂದೆ ನಿಂತಿದ್ದ ವೈನಿ, ಹೂಂ ಅನ್ರಿ ಎಂದು ನನಗೆ ಕಣ್ಣಿನಲ್ಲೇ ಬೇಡಿದರು. ನಾನು ಎರಡು ಚೌಕಗಳನ್ನೂ ದಿಟ್ಟಿಸಿದೆ. ಒಂದೇ ಒಂದು ಸುಳ್ಳು ಸಹಿಯನ್ನೂ ಹಾಕದವನೆಂಬ ಹೆಮ್ಮೆ ನನ್ನದು.

“ಇಲ್ರಿ,” ಎಂದೆ.

“ಇರ್ಲಿ ಬಿಡ್ರಿ, ಮುಂದಿನ ವರ್ಷ ಬರತೈತಿ,” ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

ಮುಂದಿನ ದಸರೆಗೆ ಅವರಿರಲಿಲ್ಲ. “ಆ ಕೆಂಪು ಇನ್ನ ನೀವ ನೋಡ್ರಿ,” ಎಂದು ವೈನಿ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು. ನಾನು ಅದನ್ನು ತೆರೆಯಲಿಲ್ಲ. ಯಾಕೋ ಧೈರ್ಯವಾಗಲಿಲ್ಲ.

ಮೊನ್ನೆ, ಪಟ್ಟಿ ಬಿದ್ದ ಮೇಲೆ, ಹನ್ನೊಂದೂ ಚೌಕಗಳನ್ನು ಮೊದಲ ಸಲ ಒಟ್ಟಿಗೆ ನೋಡಿದೆ. ಮೊದಲನೆಯದು ದೀಪದ ಮಸಿಯಂತೆ ಕಪ್ಪು. ಕೊನೆಯದು, ಆ ಗೆರೆ ದಾಟಿದ್ದು, ಹುಣಸೆಬೀಜದ ಕೆಂಪು. ಪಕ್ಕಪಕ್ಕದ ಯಾವ ಎರಡು ಚೌಕಗಳ ನಡುವೆಯೂ ವ್ಯತ್ಯಾಸ ಕಾಣುವುದಿಲ್ಲ. ನಾನು ನೋಡಿದ್ದು ಯಾವಾಗಲೂ ಪಕ್ಕಪಕ್ಕದವನ್ನೇ. ಕೆಂಪು ಅವರ ಕಣ್ಣೆದುರಿಗೇ ಬಂದಿತ್ತು, ಅವರದೇ ಕೈ ಅದನ್ನು ಬರೆದಿತ್ತು. ನೋಡದಂತೆ ಮುಚ್ಚಿಸಿದವನು ನಾನು.

ಪೆನ್ನು ತಿರುಗಿಸಿದರೆ ಟೊಪ್ಪಿಗೆಯ ಅಂಚಿನಲ್ಲೂ ಅದೇ ಕೆಂಪು. ನಿಬ್ಬನ್ನು ಬಿಸಿನೀರಲ್ಲಿ ಅದ್ದಿ, ಹೊಸ ಶಾಯಿ ತುಂಬಿದೆ. ಕೊನೆಯ ಚೌಕದ ಕೆಳಗೆ ‘ಬದಲಾವಣೆ ಇಲ್ಲ’ ಎಂಬುದನ್ನು ಹೊಡೆದುಹಾಕಿ ‘ಬಂದೈತ್ರಿ’ ಎಂದು ಬರೆದು ಸಹಿ ಮಾಡಿದೆ. ವೈನಿಯೂ ಈಗಿಲ್ಲ. ಕುಷಾಯಿಗೂಡದ ಅಭ್ಯಾಸದಂತೆ ಕಾರ್ಡು ಹಿಡಿದು ಬಾಗಿಲವರೆಗೆ ಹೋದವನು, ಗುರುತಿಲ್ಲದ ಪಕ್ಕದ ಫ್ಲ್ಯಾಟಿನ ಕರೆಗಂಟೆಯನ್ನು ನೋಡಿ ಒಳಗೆ ಬಂದೆ.