ಗಂಡ ಉಂಡ ತಾಟು

'ಗಂಡ ಉಂಡ ತಾಟಿನ್ಯಾಗ ಉಂಡಾಕಿ ಸಂಸಾರ ಎಂದೂ ಮುರಿಯಂಗಿಲ್ಲ.' ಇದು ನಮ್ಮವ್ವನಿಗೆ ಅವಳ ಅವ್ವನಿಂದ ಬಂದ ಮಾತು. ಅಜ್ಜಿಗೆ ಅವಳ ಅವ್ವ ಹೇಳಿದ್ದಳಂತೆ. ಬಂಗಾರವಂತೂ ನಮ್ಮ ಮನೆತನದಲ್ಲಿ ಇರಲಿಲ್ಲ. ತಾಯಿಯಿಂದ ಮಗಳಿಗೆ ತಪ್ಪದೆ ಇಳಿದು ಬಂದದ್ದು ಈ ಎಂಜಲು ಒಂದೇ.

ಶಹಾಪುರದ ನಮ್ಮ ಮನೆಯಲ್ಲಿ ಅಪ್ಪ ಊಟಕ್ಕೆ ಕೂತರೆ ದವಡೆಯೊಳಗಿನ ತಂಬಾಕು ತೆಗೆದು ತಾಟಿನ ಅಂಚಿಗೆ ಹಚ್ಚುತ್ತಿದ್ದ. ಅವನು ಉಂಡೆದ್ದ ಮೇಲೆ ಅವ್ವ ಅದೇ ತಾಟಿನಲ್ಲಿ, ಅವನು ಜಗಿದು ಉಗುಳಿದ ಮೆಣಸಿನಕಾಯಿಯ ಪಕ್ಕದಲ್ಲೇ, ರೊಟ್ಟಿ ಮುರಿದು ಪುಂಡಿಪಲ್ಯ ಬಡಿಸಿಕೊಳ್ಳುತ್ತಿದ್ದಳು. ತಂಬಾಕಿನ ಕಂದು ರಸ ಬ್ಯಾಳಿಯ ಕಡೆ ಹರಿದರೆ ಬೆರಳಿನಿಂದ ತಡೆದು, ಆ ಬೆರಳನ್ನು ಸೆರಗಿಗೆ ಒರೆಸಿ, ಮತ್ತೆ ಉಣ್ಣುವಳು. ನಾನು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ.

ನನ್ನನ್ನು ಸುರಪುರದ ಪಕ್ಕದ ರಂಗಂಪೇಟೆಗೆ ಕೊಟ್ಟರು. ಮೊದಲ ದಿನದ ಊಟಕ್ಕೆ ಮನೆ ತುಂಬ ಬೀಗರಿದ್ದರು. ಗಂಡ ಉಂಡು ಏಳುತ್ತಲೇ ಅತ್ತೆ ಅವನ ತಾಟನ್ನು ತಂದು ನನ್ನ ಮುಂದಿಟ್ಟರು. ಕಚ್ಚಿ ಬಿಟ್ಟ ಹೋಳಿಗೆ, ಅದರ ಸುತ್ತ ಕಲಸಿದ ಹಾಲು, ಹಾಲಿನಲ್ಲಿ ಒಂದು ಮೀಸೆಗೂದಲು.

"ಉಣ್ಣವ್ವಾ. ಗಂಡ ಉಂಡ ತಾಟಿನ್ಯಾಗ ಉಂಡಾಕಿ ಸಂಸಾರ..." ಎಂದು ಅತ್ತೆ ಶುರು ಮಾಡಿದರು. ಅದೇ ಮಾತು, ಅದೇ ಜೇನಿನಂಥ ದನಿ.

ಒಂದು ತುತ್ತು ಬಾಯಿಗಿಟ್ಟೆ. ನುಂಗಲಾಗಲಿಲ್ಲ. ಅಂಗಳಕ್ಕೆ ಓಡುವಷ್ಟರಲ್ಲಿ ಹೊಸ್ತಿಲ ಮೇಲೆಯೇ ಕಾರಿಕೊಂಡೆ. ಹಿಂದಿನಿಂದ ಯಾವಳೋ, "ಇಷ್ಟ್ ಲಗೂನ ಬಸುರೇನು?" ಎಂದಳು. ಹೆಂಗಸರೆಲ್ಲ ಕಿಸಕ್ಕನೆ ನಕ್ಕರು.

ಅತ್ತೆ ಫೋನು ಮಾಡಿದ್ದರಿಂದ ಮರುದಿನವೇ ಅವ್ವ ಬಸ್ಸು ಹತ್ತಿ ಬಂದಳು. ಕೋಣೆಯ ಬಾಗಿಲು ಮುಚ್ಚಿ, "ಮಾನ ಕಳದೆಲ್ಲವ್ವಾ" ಎಂದಳು.

"ನನಗ ಹೇಸಿಕಿ ಬಂತು. ನಿನಗ ಎಂದೂ ಬಂದಿಲ್ಲೇನು?"

ಅವ್ವ ದನಿ ತಗ್ಗಿಸಿದಳು. "ಬರದ ಏನು? ಮೊದಲ ಸಲ ನಾನೂ ಕಾರೇನಿ. ನಮ್ಮವ್ವ ಬೆನ್ನ ತಿಕ್ಕಿ, ಬಾಯಿ ಒರಸಿ, ಮತ್ತ ಅದ ತಾಟಿನ ಮುಂದ ಕುಂದರ್ಸಿದ್ಲು."

"ಮತ್ತ ನನಗ್ಯಾಕ ಅದನ್ನ ಉಣ್ಣಂತ ಹೇಳ್ತಿ?"

"ಅವ್ವಂದೇರು ಹೇಳೂದ ಹಂಗ."

ಇಷ್ಟು ವರ್ಷ ಅವ್ವನಿಗೆ ಅದು ರುಚಿಸುತ್ತದೆ ಎಂದುಕೊಂಡಿದ್ದೆ. ವಾಂತಿಯನ್ನು ನುಂಗುವುದನ್ನೇ ಜಾಣತನವೆಂದು ಒಬ್ಬರಿಗೊಬ್ಬರು ಕಲಿಸಿದ್ದರು. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟು ತಿಕ್ಕತೊಡಗಿದಾಗ ನಾನು ದೂರ ಸರಿದೆ.

ಅಂದು ಸಂಜೆ ಗಂಡನಿಗೆ ನೇರವಾಗಿ ಹೇಳಿದೆ: "ನಾ ನಿಮ್ಮ ಎಂಜಲ ಉಣ್ಣಂಗಿಲ್ರಿ." ಅವನು, "ನನ್ನೇನ್ ಕೇಳಿ ಇಟ್ಟಾರೇನು? ಬ್ಯಾರೆ ತಾಟ ತಗೋ" ಎಂದ. ಅತ್ತೆ ಬಹಳ ದಿನ ನನ್ನೊಂದಿಗೆ ಮಾತಾಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ಮಾವ ಉಂಡ ತಾಟನ್ನು ತೊಳೆಯಲು ಹಾಕಿ, ತಮಗೊಂದು ಬೇರೆ ತಾಟು ತೆಗೆದುಕೊಂಡರು.

ಅವ್ವ ಮಾತ್ರ ಅಪ್ಪನ ತಾಟಿನಲ್ಲಿ ಉಣ್ಣುವುದನ್ನು ಬಿಡಲಿಲ್ಲ. ಅಪ್ಪನ ಬಾಯಲ್ಲಿ ಹುಣ್ಣಾಗಿದೆ. ಯಾದಗಿರಿಯ ಡಾಕ್ಟರು ತಂಬಾಕು ಬಿಡಲು ಹೇಳಿದ್ದಾರೆ, ಅವನು ಬಿಟ್ಟಿಲ್ಲ. ಅವಳಿಗೆಂದು ನಾನು ಒಯ್ದ ಸ್ಟೀಲಿನ ತಾಟು ಗೋಡೆಯ ಮಾಡದಲ್ಲಿ ಬೋರಲಾಗಿ ಬಿದ್ದಿದೆ. ಶಹಾಪುರಕ್ಕೆ ಹೋದಾಗ ಊಟದ ಹೊತ್ತಿಗೆ ನಾನು ಹೊರಗಿನ ಕಟ್ಟೆಗೆ ಬಂದು ಕೂರುತ್ತೇನೆ.

"ಬಾರವ್ವಾ, ಬ್ಯಾಳಿ ಆರ್ತದ" ಎಂದು ಅವ್ವ ಒಳಗಿನಿಂದ ಕರೆಯುತ್ತಾಳೆ.

ಹಸಿವಿಲ್ಲ ಎನ್ನುತ್ತೇನೆ.