ಟಿಲ್ಲಿ ಕಚ್ಚಿದ ಮರ

ನಮ್ಮ ರಿವರೀನಾ ಬಯಲಿನಲ್ಲಿ ಕುರಿಯ ಉಣ್ಣೆ ಕತ್ತರಿಸುವವರಲ್ಲಿ ಕ್ಲಾರಿ ಟ್ರೆಲೋರ್‌ನಷ್ಟು ಹಗುರವಾದ ಕೈ ಇನ್ನೊಬ್ಬರಿಗಿರಲಿಲ್ಲ. ಬೆನ್ನು ಬಾಗಿ ಆ ಕೆಲಸ ಬಿಟ್ಟ ಮೇಲೆ ಅವನು ಮರಗೆಲಸ ಹಿಡಿದ. ಅವನ ಮಗಳು ಬ್ರಾನ್ವಿನ್ ಶಾಲೆಯಲ್ಲಿ ನನ್ನ ಶಿಷ್ಯೆಯಾಗಿದ್ದವಳು. ನಮ್ಮ ಮನೆಗಳ ನಡುವೆ ಒಂದು ಬೇಲಿ ಮಾತ್ರ.

ತಾನು ಪ್ರಾಯ ಸವೆಸಿದ ಹಳೆಯ ಉಣ್ಣೆಕೊಟ್ಟಿಗೆಯನ್ನು ಸುತ್ತಲಿನ ದೊಡ್ಡಿಗಳ ಸಮೇತ ಕೆಡವಿದಾಗ ಕ್ಲಾರಿ ರಾಶಿಬಿದ್ದ ಮರವನ್ನು ಮನೆಗೆ ತಂದ. ಮೊಮ್ಮಗಳು, ಬ್ರಾನ್ವಿನ್‌ಳ ಕೂಸು ಟಿಲ್ಲಿಗೆ ಸುತ್ತ ಕಟಾಂಜನವಿರುವ ಪುಟ್ಟ ಮಂಚ ಮಾಡಬೇಕಿತ್ತು. ಹಲಗೆಗಳನ್ನು ಅವನು ಅಂಗೈಯಿಂದ ಸವರಿ ಆರಿಸಿದ. ಉಣ್ಣೆಯ ಜಿಡ್ಡು ಕುಡಿದು ನುಣುಪಾದದ್ದೇ ಕೊಟ್ಟಿಗೆಯ ಒಳಗಿನ ಒಳ್ಳೆಯ ಮರ. ಕತ್ತರಿ ಹಿಡಿದವರೆಲ್ಲರ ನಂಬಿಕೆ ಅದು. ಆ ಹೊಳಪು ಉಳಿಯಲೆಂದು ಅವನು ಅದಕ್ಕೆ ಉಜ್ಜುಗೊರಡು ತಾಗಿಸಲಿಲ್ಲ, ಬಣ್ಣವನ್ನೂ ಬಳಿಯಲಿಲ್ಲ.

ಟಿಲ್ಲಿಗೆ ಹಲ್ಲು ಮೂಡುತ್ತಿತ್ತು. ಎದ್ದು ನಿಂತು ಮಂಚದ ಮೇಲ್ಪಟ್ಟಿಯನ್ನು ಕಚ್ಚುವುದೇ ಅವಳ ಆಟ.

ಒಂದು ಭಾನುವಾರ ಕ್ಲಾರಿಯ ಹಳೆಯ ಜೊತೆಗಾರ ಡೆಸ್ ಬಂದ. ನಾನೂ ಚಹಾಕ್ಕೆ ಹೋಗಿದ್ದೆ.

"ಲೋ ಕ್ಲಾರಿ, ಕುರಿಗೆ ಗಾಯ ಮಾಡ್ದಂಗೆ ಮರಕ್ಕೂ ಮಾಡಿಲ್ಲ ತಾನೆ?" ಎಂದು ಮಂಚ ನೋಡಿ ಡೆಸ್ ಕೆಣಕಿದ.

"ನೀನು ಮಾಡಿದ ಗಾಯ ಹೊಲಿಯೋದ್ರಲ್ಲೇ ನನ್ನ ಅರ್ಧ ಆಯುಸ್ಸು ಹೋಯ್ತು. ಮುಚ್ಚು ಬಾಯಿ!"

ನಗುತ್ತಲೇ ಮೇಲ್ಪಟ್ಟಿಯನ್ನು ಸವರುತ್ತಿದ್ದ ಡೆಸ್‌ನ ಕೈ ತುದಿಯಲ್ಲಿ ಉಳಿಯಿಂದ ಕೊರೆದ ಒಂದು ಹಳೆಯ ಕಚ್ಚಿನ ಮೇಲೆ ನಿಂತಿತು. ನಗೆ ಆರಿತು.

"ಇದು ಗೇಟಿನ ಚಿಲಕ ಕೂರ್ತಿದ್ದ ಜಾಗ. ಕೊಟ್ಟಿಗೆ ಒಳಗಿಂದಲ್ಲ ಕಣೋ ಇದು. ಔಷಧಿ ಗುಂಡಿ ಪಕ್ಕದ ದೊಡ್ಡೀದು."

ಹೇನು ಸಾಯಲೆಂದು ಆಗ ಕುರಿಗಳನ್ನು ಪಾಷಾಣ ಬೆರೆಸಿದ ನೀರಿನಲ್ಲಿ ಮುಳುಗಿಸಿ, ನೀರು ಸೋರಲು ಆ ದೊಡ್ಡಿಯಲ್ಲಿ ನಿಲ್ಲಿಸುತ್ತಿದ್ದರು. ಒದ್ದೆ ಮೈಗಳು ಉಜ್ಜಿ ಉಜ್ಜಿ ಅಲ್ಲಿಯ ಪಟ್ಟಿಗಳೂ ಆ ವಿಷ ಕುಡಿದು ಹೀಗೆಯೇ ನುಣುಪಾಗಿದ್ದವು. ಅಂಗೈಗೆ ಎರಡೂ ಒಂದೇ.

ಕ್ಲಾರಿ ಮಗುವನ್ನು ಬಾಚಿ ಎತ್ತಿಕೊಂಡ. ಅವಳ ಗಲ್ಲದ ಮೇಲೆ ಜೊಲ್ಲು ಹೊಳೆಯುತ್ತಿತ್ತು.

"ಅಪ್ಪಾ, ಏನಾಯ್ತು?" ಎಂದು ಬ್ರಾನ್ವಿನ್ ಓಡಿಬಂದಳು. ಅವನು ಅಂಗಿಯ ತುದಿಯಿಂದ ಮಗುವಿನ ಬಾಯಿ ಒರೆಸುತ್ತಲೇ ಇದ್ದ. ನಾನೇ ಹೇಳಬೇಕಾಯಿತು. ಅವಳು ಕೂಗಾಡಲಿಲ್ಲ.

"ಕಾರಿನ ಕೀ ಎಲ್ಲಿ?" ಎಂದಷ್ಟೇ ಕೇಳಿದಳು.

ಪಟ್ಟಣದ ಆಸ್ಪತ್ರೆಗೆ ಹೋಗುವ ದಾರಿ ಅಂದು ಮುಗಿಯುವಂತೆಯೇ ಇರಲಿಲ್ಲ. ಪಕ್ಕದಲ್ಲಿ ಕ್ಲಾರಿ ಪಿಸುಗುಟ್ಟಿದ: "ಮೇಷ್ಟ್ರೇ, ನಿನ್ನೆಯಿಂದ ಅವಳು ಸರಿಯಾಗಿ ಉಣ್ತಿಲ್ಲ. ಹಲ್ಲಿನ ಕಾಟ ಅಂದ್ಕೊಂಡ್ವಲ್ಲ..."



ಡಾಕ್ಟರಮ್ಮ ಮಗುವಿನ ಮೂತ್ರವನ್ನೂ ರಕ್ತವನ್ನೂ ಪರೀಕ್ಷೆಗೆ ನಗರಕ್ಕೆ ಕಳುಹಿಸಿ, "ನೋಡೋಕೆ ಚೆನ್ನಾಗೇ ಇದ್ದಾಳೆ. ಆದ್ರೆ ವರದಿ ಬರೋವರೆಗೆ ನಾನೇನೂ ಹೇಳಲಾರೆ" ಎಂದರು.

ಕಾಯುವ ಆ ದಿನಗಳಲ್ಲಿ ಕ್ಲಾರಿ ಮಗುವನ್ನು ಮುಟ್ಟಲಿಲ್ಲ. ಕೈಗಳನ್ನು ಚರ್ಮ ಕೆಂಪಾಗುವಷ್ಟು ತೊಳೆಯುತ್ತಿದ್ದ. ಸುಟ್ಟರೆ ಹೊಗೆಯೂ ವಿಷವೆಂದು ಮಂಚವನ್ನು ತಾಡಪಾಲಿನಲ್ಲಿ ಸುತ್ತಿಟ್ಟ. ಫೋನು ಬಡಿದುಕೊಂಡಾಗಲೆಲ್ಲ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದ.

ಕೊನೆಗೆ ಆ ಕರೆ ಬಂದಾಗಲೂ ಅಲ್ಲಿಯೇ ಇದ್ದ. ಬ್ರಾನ್ವಿನ್ ಬಾಗಿಲಿಗೆ ಬಂದು ಅಳುತ್ತಲೇ ಹೇಳಿದಳು: "ಅಪ್ಪಾ, ಒಂಚೂರು ಸೇರಿದೆಯಂತೆ. ಆದ್ರೆ ಅಪಾಯ ಇಲ್ವಂತೆ. ತಾನಾಗೇ ಇಳಿದುಹೋಗುತ್ತಂತೆ."

ಕ್ಲಾರಿ ಹೊಸ ಮರ ತಂದು ಇನ್ನೊಂದು ಮಂಚ ಮಾಡಿದ. ಮಗುವನ್ನು ಮಲಗಿಸುವ ಮುನ್ನ ಮಂಡಿಯೂರಿ ಅದರ ಮೇಲ್ಪಟ್ಟಿಯನ್ನು ತಾನೇ ಕಚ್ಚಿದ.

"ಅಯ್ಯೋ, ನಿನ್ನದು ಕಟ್ಟಿಸಿದ ಹಲ್ಲಪ್ಪಾ, ಮುರಿದೀತು!" ಎಂದು ಬ್ರಾನ್ವಿನ್ ನಕ್ಕಳು.

ಅವನು ನಗಲಿಲ್ಲ. ಮರುದಿನ ಬೇಲಿಯ ಬಳಿ ಬಂದು ನನಗೆ ಮುಖ ತೋರಿಸಿದ. "ಸರಿಯಾಗಿ ನೋಡಿ ಮೇಷ್ಟ್ರೇ. ನನಗೇನೂ ಆಗಿಲ್ಲ ಅಲ್ವಾ?"

ಇಲ್ಲವೆಂದು ನಾನು ಹೇಳಿದ ಮೇಲೆಯೇ ಟಿಲ್ಲಿಯನ್ನು ಹೊಸ ಮಂಚದಲ್ಲಿ ಮಲಗಿಸಲು ಬಿಟ್ಟ.